ಬರೆಯದೆ ಬಿಟ್ಟ ಸಾಲು

ಬಸವನಗುಡಿ, ಬೆಂಗಳೂರು
10 ಜೂನ್ 2024

ಪ್ರತಿಭಾ,

ನಾನು ಕ್ಷೇಮ, ನೀನು ಕ್ಷೇಮವೇ ಎಂದು ಶುರುಮಾಡುವ ಮನಸ್ಸಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡು ಸಲ ‘ಮಿಸ್, ಮಿಸ್’ ಎಂದರೆ ನಾನು ಕರಗಿಬಿಡುತ್ತೇನೆ ಎನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಕಾಗದ. ಉತ್ತರವನ್ನೂ ಕಾಗದದಲ್ಲೇ ಬರಿ.

ಶನಿವಾರ ಅಣ್ಣನ ಜೊತೆ ಅವೆನ್ಯೂ ರಸ್ತೆಗೆ ಹೋಗಿದ್ದೆ. ಅವನಿಗೆ ರೂಲು ಹಾಕಿದ ದಪ್ಪ ನೋಟ್‌ಬುಕ್ ಬೇಕಿತ್ತು. ಪ್ರಕಾಶಕ ಶ್ರೀನಿವಾಸಯ್ಯನವರ ಅಂಗಡಿಯ ಮುಂದೆಯೇ ಜೋಡಿಸಿಟ್ಟಿದ್ದರು: ‘ಮನೆಮಾತಿನಲ್ಲಿ ಪ್ರೋಗ್ರಾಮಿಂಗ್’, ಲೇಖಕಿ ಪ್ರತಿಭಾ ಅನಿಲ್ ಕುಮಾರ್. ನನಗೆ ಹೇಳಲಿಲ್ಲವಲ್ಲ ಎಂದು ಒಂದು ಕ್ಷಣ ಚುರುಕ್ಕೆಂದಿತು. ಮರುಕ್ಷಣವೇ ಖುಷಿ. ‘ನನ್ನ ಸ್ಟೂಡೆಂಟು ರೀ ಇವ್ಳು, ಆಮೇಲೆ ಹದಿನಾರು ವರ್ಷ ನನ್ ಪಕ್ಕದ ಟೇಬಲ್ಲಲ್ಲೇ ಕೂತು ಪಾಠ ಮಾಡಿದೋಳು’ ಎಂದು ಅಂಗಡಿಯವರಿಗೆಲ್ಲ ಹೇಳಿಕೊಂಡು ಬಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಮನೆಗೆ ಬಂದು ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಓದಲು ಕೂತೆ. ನಲವತ್ತೇಳನೆಯ ಪುಟಕ್ಕೆ ಬಂದಾಗ ಕಾಫಿ ಅಲ್ಲೇ ಬಿಟ್ಟು ನನ್ನ ಹಳೆಯ ನೋಟ್‌ಬುಕ್ ಹುಡುಕಿ ತಂದೆ.

‘ಸ್ಟ್ಯಾಕ್ ಎಂದರೇನು? ಕೈಗೆ ತೊಟ್ಟ ಬಳೆ. ಕೊನೆಗೆ ತೊಟ್ಟದ್ದು ಮೊದಲು ಹೊರಗೆ ಬರಬೇಕು. ಒಳಗಿನದನ್ನು ಮೊದಲು ತೆಗೆಯಲು ಬ್ರಹ್ಮನಿಂದಲೂ ಆಗದು.’ ಇದು ನನ್ನ ವಾಕ್ಯ. ಆ ಬ್ರಹ್ಮನನ್ನಾದರೂ ಬದಲಾಯಿಸಬಾರದಿತ್ತೇನೇ? ಆಮೇಲೆ ಬ್ರಾಕೆಟ್ ಪರೀಕ್ಷೆ. ಪ್ರೋಗ್ರಾಮಿನ ಒಂದು ಸಾಲಿನಲ್ಲಿ ತೆರೆದ ಬ್ರಾಕೆಟ್‌ಗಳೆಲ್ಲ ಸರಿಯಾದ ಕ್ರಮದಲ್ಲಿ ಮುಚ್ಚಿವೆಯೇ ಎಂದು ಕಂಪ್ಯೂಟರ್ ಹೇಗೆ ತಿಳಿಯುತ್ತದೆ? ದುಂಡು ಬ್ರಾಕೆಟ್ ತೆರೆದರೆ ಕೆಂಪು ಬಳೆ ತೊಡು, ಚೌಕ ಬ್ರಾಕೆಟ್ಟಿಗೆ ಹಸಿರು, ಪುಷ್ಪ ಬ್ರಾಕೆಟ್ಟಿಗೆ ಹಳದಿ. ಮುಚ್ಚುವ ಬ್ರಾಕೆಟ್ ಬಂದಾಗ ಎಲ್ಲಕ್ಕಿಂತ ಹೊರಗಿನ ಬಳೆ ನೋಡು. ಅದೇ ಬಣ್ಣವಾದರೆ ತೆಗೆ, ಬೇರೆ ಬಣ್ಣವಾದರೆ ಸಾಲು ತಪ್ಪು. ತೆಗೆಯಲು ಕೈಯಲ್ಲಿ ಬಳೆಯೇ ಇಲ್ಲದಿದ್ದರೂ ತಪ್ಪು. ಬಣ್ಣ ಸಮೇತ ಎಲ್ಲವೂ ನನ್ನ ನೋಟ್‌ಬುಕ್ಕಿನದೇ. ಶನಿವಾರ ಬರುತ್ತಿದ್ದ ಕನ್ನಡ ಮೀಡಿಯಂ ಮಕ್ಕಳಿಗಾಗಿ 2006ರಲ್ಲಿ ನಾನು ಬರೆದ ಪಾಠ. ಎರಡು ವರ್ಷದ ಹಿಂದೆ ‘ಒಂದ್ ವಾರ ಕೊಡಿ ಮಿಸ್, ಓದ್ಬಿಟ್ಟು ಕೊಡ್ತೀನಿ’ ಎಂದು ತೆಗೆದುಕೊಂಡು ಹೋದೆ, ಹೇಳಿದ ದಿನಕ್ಕೇ ತಂದುಕೊಟ್ಟೆ. ಎಷ್ಟು ಜವಾಬ್ದಾರಿಯ ಹುಡುಗಿ ಎಂದುಕೊಂಡಿದ್ದೆ ನಾನು.

ಪುಸ್ತಕದಲ್ಲಿ ಎಲ್ಲಿಯೂ ನನ್ನ ಹೆಸರಿಲ್ಲ. ಇರುವುದು ಇಷ್ಟು: ‘ಇಲ್ಲಿನ ಪ್ರತಿಯೊಂದು ಉದಾಹರಣೆಯೂ ನನ್ನ ಸ್ವಂತ ತರಗತಿಯಲ್ಲಿ ಹುಟ್ಟಿದ್ದು.’

ನನಗೆ ಬೇಕಾದದ್ದು ಒಂದೇ. ಮುಂದಿನ ಮುದ್ರಣದಲ್ಲಿ ಆ ಪಾಠದ ಕೆಳಗೆ ‘ಇದು ಚೂಡಾಮಣಿಯವರ ಪಾಠ’ ಎಂದು ಹಾಕಬೇಕು. ಮೂವತ್ತಾರು ವರ್ಷ ಪಾಠ ಮಾಡಿದೆ. ಮದುವೆಯಿಲ್ಲ, ಮಕ್ಕಳಿಲ್ಲ. ನನ್ನದು ಎಂದು ಹೇಳಿಕೊಳ್ಳಲು ಇರುವುದು ಅದೊಂದೇ ಪಾಠ, ಉಳಿದದ್ದೆಲ್ಲ ಬೇರೆಯವರ ಪುಸ್ತಕದ್ದು.

ಚೂಡಾಮಣಿ

*

ಮಲ್ಲೇಶ್ವರಂ
24 ಜೂನ್ 2024

ಪೂಜ್ಯ ಮಿಸ್‌ಗೆ ಪ್ರತಿಭಾಳ ನಮಸ್ಕಾರಗಳು.

ನಿಮ್ಮ ಕಾಗದ ಓದಿದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಇವರು ಕೂಡ ‘ಏನಾಯ್ತೇ?’ ಎಂದು ಕೇಳಿದರು. ಏನೆಂದು ಹೇಳಲಿ? ನನ್ನ ಮಿಸ್ ನನ್ನನ್ನು ಕಳ್ಳಿ ಎಂದರು ಎನ್ನಲೇ?

ಮಿಸ್, ಸ್ಟ್ಯಾಕ್ ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಬ್ರಾಕೆಟ್ ಪರೀಕ್ಷೆ ಎಲ್ಲ ಪುಸ್ತಕಗಳಲ್ಲೂ ಇದೆ. ಇನ್ನು ಬಳೆ ಎನ್ನುತ್ತೀರಾ? ಬಳೆ ನಮ್ಮಮ್ಮನ ಅಂಗಡಿಯದು. ನಮ್ಮಮ್ಮ ಲಕ್ಷ್ಮೀದೇವಮ್ಮ ನಲವತ್ತು ವರ್ಷ ಬಳೇಪೇಟೆಯಲ್ಲಿ ಕೂತು ಊರ ಹೆಂಗಸರ ಕೈಗೆಲ್ಲ ಬಳೆ ತೊಡಿಸಿದವಳು. ಆ ವರ್ಷ ಗೌರಿ ಹಬ್ಬಕ್ಕೆ ಮುಂಚೆ ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನೇ. ಅಮ್ಮ ನಿಮ್ಮ ಕೈ ಹಿಡಿದು ಬಳೆ ಏರಿಸುತ್ತಿದ್ದಾಗ ‘ಪ್ರತಿಭಾ, ಇದು ಸ್ಟ್ಯಾಕ್ ಕಣೇ!’ ಎಂದು ನೀವು ಕೂಗಿದ್ದು ನನಗೂ ನೆನಪಿದೆ. ಅರ್ಧ ಗಂಟೆ ಕೂತು ನೋಡಿದ ನಿಮಗೆ ಹೊಳೆಯುವುದಾದರೆ, ಆ ಅಂಗಡಿಯಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆಯಬಾರದೇ?

ವಾಕ್ಯಗಳು ಹೋಲುತ್ತವೆ, ನಿಜ. ನಿಮ್ಮ ಕೈಕೆಳಗೆ ಕಲಿತವಳು ನಾನು, ನಿಮ್ಮ ಮಾತೇ ನನ್ನ ಬಾಯಿಗೆ ಬರುತ್ತದೆ. ನಿಮಗೆ ಗೊತ್ತೋ ಇಲ್ಲವೋ, ನಾನು ಎಷ್ಟೇ ಚೆನ್ನಾಗಿ ಪಾಠ ಮಾಡಿದರೂ ಸ್ಟಾಫ್ ರೂಮಿನಲ್ಲಿ ‘ಚೂಡಾಮಣಿ ಮಿಸ್ ಶಿಷ್ಯೆ ಅಲ್ವಾ, ಅದಕ್ಕೇ’ ಎನ್ನುತ್ತಿದ್ದರು. ಹದಿನಾರು ವರ್ಷ ಕೇಳಿದ್ದೇನೆ. ನನಗೂ ಒಂದು ಹೆಸರು ಬೇಡವೇ?

ಕೋಪ ಬಿಟ್ಟು ಆಶೀರ್ವಾದ ಮಾಡಿ.

ನಿಮ್ಮ,
ಪ್ರತಿಭಾ

*

ಬಸವನಗುಡಿ
29 ಜೂನ್ 2024

ಪ್ರತಿಭಾ,

ಅಮ್ಮನ ಅಂಗಡಿ, ಅಮ್ಮನ ಬಳೆ ಎಂದೆಯಲ್ಲ, ನಿನ್ನ ಪುಸ್ತಕದಲ್ಲಿ ಲಕ್ಷ್ಮೀದೇವಮ್ಮನವರ ಹೆಸರು ಎಲ್ಲಿದೆ ತೋರಿಸು. ಅವರದ್ದೂ ಹಾಕಿಲ್ಲ, ನನ್ನದೂ ಹಾಕಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ?

ಹೊಳೆದದ್ದೋ ಇಳಿಸಿಕೊಂಡದ್ದೋ, ಈಗಲೇ ನೋಡಿಬಿಡೋಣ. ಒಂದು ಲೆಕ್ಕ ಕೊಡುತ್ತೇನೆ, ಮಾಡು. ಎರಡು ದುಂಡು ಬ್ರಾಕೆಟ್ ತೆರೆದು ಒಂದನ್ನು ಮಾತ್ರ ಮುಚ್ಚಿದ ಸಾಲು ತೆಗೆದುಕೋ. ನಿನ್ನ ಪುಟ ನಲವತ್ತೆಂಟರಲ್ಲಿ ಹೇಳಿದ ಹಾಗೆ ಕೈಗೆ ಎರಡು ಕೆಂಪು ಬಳೆ ತೊಡು. ಮುಚ್ಚುವ ಬ್ರಾಕೆಟ್ ಬಂತು, ಬಣ್ಣ ಕೂಡಿತು, ಒಂದು ಬಳೆ ತೆಗೆ. ಸಾಲು ಮುಗಿಯಿತು. ಎಲ್ಲೂ ತಪ್ಪು ಸಿಗಲಿಲ್ಲ, ಆದ್ದರಿಂದ ‘ಸಾಲು ಸರಿ’ ಎನ್ನುತ್ತದೆ ನಿನ್ನ ಪುಸ್ತಕ. ಸರಿಯೇನಮ್ಮಾ? ಇನ್ನೊಂದು ಬಳೆ ಕೈಯಲ್ಲೇ ಕೂತಿದೆ! ಮುಚ್ಚದೆ ಬಿಟ್ಟ ಬ್ರಾಕೆಟ್ ಅದು. ಸಾಲು ಮುಗಿದ ಮೇಲೆ ಏನಾದರೂ ಉಳಿದಿದೆಯೇ ಎಂದು ನೋಡುವ ಕೊನೆಯ ಹೆಜ್ಜೆ ನಿನ್ನ ಪಾಠದಲ್ಲಿ ಇಲ್ಲವೇ ಇಲ್ಲ.

ಸ್ಟ್ಯಾಕ್ ಕಲಿಸುವ ಯಾವ ಪುಸ್ತಕವನ್ನಾದರೂ ತೆಗೆದು ನೋಡು, ಆ ಹೆಜ್ಜೆ ಇರುತ್ತದೆ. ಇಲ್ಲದಿರುವುದು ಎರಡೇ ಕಡೆ, ನನ್ನ ನೋಟ್‌ಬುಕ್ಕಿನಲ್ಲಿ ಮತ್ತು ನಿನ್ನ ಪುಸ್ತಕದಲ್ಲಿ. ನನಗೆ ತಿಳಿಯದೆ ಬಿಟ್ಟದ್ದಲ್ಲ. ಬೇಕೆಂದೇ ಬರೆಯಲಿಲ್ಲ, ಮಕ್ಕಳಿಗೆ ಬಾಯಲ್ಲಿ ಹೇಳುತ್ತಿದ್ದೆ. ನೀನು ಶನಿವಾರದ ತರಗತಿಗೆ ಒಂದು ದಿನವೂ ಬಂದವಳಲ್ಲ, ಅದಕ್ಕೇ ನಿನಗೆ ಗೊತ್ತಿಲ್ಲ. ಕಣ್ಣುಮುಚ್ಚಿ ಇಳಿಸಿದ್ದೀಯ.

ಪರೀಕ್ಷೆಯಲ್ಲಿ ಮುಂದಿನ ಬೆಂಚಿನವರ ಉತ್ತರ ನೋಡಿ ಬರೆಯುವ ಹುಡುಗರನ್ನು ಹೇಗೆ ಹಿಡಿಯುವುದು ಎಂದು ನಿನಗೆ ಹೇಳಿಕೊಟ್ಟವಳೂ ನಾನೇ. ಸರಿಯಾದ ಉತ್ತರ ನೋಡಬೇಡ, ಒಂದೇ ಥರದ ತಪ್ಪು ನೋಡು ಎಂದಿದ್ದೆ.

ಚೂಡಾಮಣಿ

*

ಮಲ್ಲೇಶ್ವರಂ
4 ಆಗಸ್ಟ್ 2024

ಮಿಸ್,

ಒಂದು ತಿಂಗಳಿಂದ ಎಷ್ಟು ಸಲ ಬರೆಯಲು ಕೂತು ಹರಿದು ಹಾಕಿದ್ದೇನೋ ಲೆಕ್ಕವಿಲ್ಲ. ಇನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಹೌದು ಮಿಸ್. ನಿಮ್ಮದೇ. ನೋಟ್‌ಬುಕ್ ಹಿಂದಿರುಗಿಸುವ ಮುಂಚೆ ಜೆರಾಕ್ಸ್ ಮಾಡಿಸಿಕೊಂಡಿದ್ದೆ.

ಕದಿಯಬೇಕೆಂದು ಮಾಡಿಸಿದ್ದಲ್ಲ, ಇದೊಂದು ಮಾತು ನಂಬಿ. ಪುಸ್ತಕ ಬರೆದುಕೊಡಿ ಎಂದು ಶ್ರೀನಿವಾಸಯ್ಯನವರು ಕೇಳಿದಾಗ ಉಳಿದ ಪಾಠಗಳೆಲ್ಲ ಹೇಗೋ ಬಂದವು. ಸ್ಟ್ಯಾಕ್ ಮಾತ್ರ ಬರಲಿಲ್ಲ. ಏನು ಬರೆದರೂ ಇಂಗ್ಲಿಷಿನಿಂದ ಇಳಿಸಿದ ಹಾಗೆ ಒಣಒಣ. ನಿಮ್ಮದನ್ನು ಒಮ್ಮೆ ಓದೋಣ ಎಂದು ತೆಗೆದೆ. ಓದಿದ ಮೇಲೆ ಬೇರೆ ಥರ ಬರೆಯಲು ಕೈ ಏಳಲಿಲ್ಲ. ಆಮೇಲೆ ನಿಮಗೆ ಹೇಳೋಣ ಎಂದುಕೊಂಡೆ, ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಅಷ್ಟೇ ನಡೆದದ್ದು.

ಎರಡನೇ ಮುದ್ರಣ ಜನವರಿಯಲ್ಲಿ. ಅದರ ಮೊದಲ ಪುಟದಲ್ಲೇ ನಿಮ್ಮ ಹೆಸರು ಹಾಕುತ್ತೇನೆ. ಪಾಠದ ಕೆಳಗೆ ಅಲ್ಲ, ಮೊದಲ ಪುಟದಲ್ಲಿ. ಅಮ್ಮನ ಮೇಲಾಣೆ.

ಒಂದು ಕೇಳಲೇ? ಆ ಕೊನೆಯ ಹೆಜ್ಜೆ ಏಕೆ ಬಿಟ್ಟಿರಿ? ಸೆಮಿಕೋಲನ್ ಬಿಟ್ಟರೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಿದ್ದವರು ನೀವು. ಅದನ್ನು ಹೇಗೆ ಬರೆಯಬೇಕೆಂದು ಹೇಳಿಕೊಟ್ಟರೆ ಮಕ್ಕಳು ತಪ್ಪು ಕಲಿಯುವುದು ತಪ್ಪುತ್ತದೆ. ನನ್ನನ್ನು ಕ್ಷಮಿಸದಿದ್ದರೂ ಪರವಾಗಿಲ್ಲ, ಮಕ್ಕಳಿಗೋಸ್ಕರ ಹೇಳಿ.

ನಿಮ್ಮ ತಪ್ಪಿತಸ್ಥೆ,
ಪ್ರತಿಭಾ

*

ಬಸವನಗುಡಿ
5 ಸೆಪ್ಟೆಂಬರ್ 2024

ಪ್ರತಿಭಾ,

ಇವತ್ತು ಶಿಕ್ಷಕರ ದಿನಾಚರಣೆ. ಬೆಳಿಗ್ಗೆಯಿಂದ ಹಳೆಯ ಮಕ್ಕಳ ಫೋನು. ನಿನ್ನ ಫೋನು ಬರಲಿಲ್ಲ, ಬರಬಾರದೆಂದು ನಾನೇ ಹೇಳಿದ್ದಲ್ಲವೇ? ಆದರೂ ಸಂಜೆಯವರೆಗೆ ಕಾದೆ. ನನ್ನ ಹಣೆಬರಹ.

ನಾಳೆ ಗೌರಿ ಹಬ್ಬ. ಗಾಂಧಿಬಜಾರಿನಲ್ಲಿ ಕಾಲಿಡಲು ಜಾಗವಿಲ್ಲ. ಹೂವು ತರಲು ಹೋದವಳು ಅರ್ಧ ದಾರಿಯಿಂದಲೇ ವಾಪಸ್ ಬಂದೆ, ನಿನ್ನ ಕಾಗದ ಇನ್ನೊಮ್ಮೆ ಓದಿದೆ. ನಿನ್ನ ಮೇಲೆ ಇನ್ನೂ ಕೋಪವಿದೆ. ಆದರೆ ಒಪ್ಪಿಕೊಂಡೆಯಲ್ಲ, ಅದಕ್ಕೆ ಹೇಳುತ್ತೇನೆ. ಅಣ್ಣನಿಗೂ ಹೇಳಿದ್ದಲ್ಲ ಇದು.

ಅಪ್ಪ ಹೋದಾಗ ನನಗೆ ಹನ್ನೊಂದು ವರ್ಷ, ಅಮ್ಮನಿಗೆ ಮೂವತ್ತೆಂಟು. ಹತ್ತನೆಯ ದಿನ ಅಮ್ಮನ ಕೈಬಳೆಗೆ ಏನು ಮಾಡಿದರೆಂದು ನಾನು ಕಂಬದ ಹಿಂದೆ ನಿಂತು ನೋಡಿದೆ. ಅಮ್ಮ ಅಳಲಿಲ್ಲ. ಅವತ್ತಿನಿಂದ ಸೆರಗನ್ನು ಎರಡೂ ಕೈ ಮುಚ್ಚುವ ಹಾಗೆ ಹೊದ್ದುಕೊಂಡಳು. ಸೆಕೆಯಿರಲಿ, ಚಳಿಯಿರಲಿ, ಅಡುಗೆ ಮಾಡುವಾಗಲೂ ಹಾಗೇ. ಅಮ್ಮನ ಮೊಣಕೈ ಹೇಗಿತ್ತೆಂದು ನನಗೆ ಮರೆತೇಹೋಗಿತ್ತು.

2006ರಲ್ಲಿ ನಾನು ಆ ಪಾಠ ಬರೆಯುತ್ತಿದ್ದಾಗ ಅಣ್ಣ ಬ್ಯಾಂಕಿನ ರಾಯಚೂರು ಬ್ರಾಂಚಿನಲ್ಲಿದ್ದ. ಮನೆಯಲ್ಲಿ ನಾವಿಬ್ಬರೇ. ನಿಮ್ಮಮ್ಮನ ಅಂಗಡಿಯಿಂದ ತಂದ ಬಳೆಗಳ ಡಬ್ಬಿ ಊಟದ ಮೇಜಿನ ಮೇಲಿತ್ತು. ಅಮ್ಮನಿಗೆ ಕನ್ನಡದಲ್ಲಿ ಏನು ಬರೆದಿದ್ದರೂ ಓದುವ ಚಾಳಿ, ಪೊಟ್ಟಣ ಕಟ್ಟಿದ ಪೇಪರನ್ನೂ ಬಿಡುತ್ತಿರಲಿಲ್ಲ. ನನ್ನ ನೋಟ್‌ಬುಕ್ ಎಳೆದುಕೊಂಡು ಓದಿ, ‘ಕಂಪ್ಯೂಟರ್ ಪಾಠದಲ್ಲಿ ಬಳೆ ಯಾಕೆ ಬಂತೇ?’ ಎಂದಳು. ವಿವರಿಸಿದೆ. ‘ನಂಗೆ ಅರ್ಥವಾಗಲಿಲ್ಲ’ ಎಂದಳು. ಇನ್ನೊಮ್ಮೆ ವಿವರಿಸಿದೆ. ಆಗ ಅಮ್ಮ ಸೆರಗು ಸರಿಸಿ ಎಡಗೈ ಚಾಚಿದಳು. ‘ಬಾಯಲ್ಲಿ ಹೇಳಿದ್ರೆ ಏನು ಗೊತ್ತಾಗತ್ತೆ, ಹಾಕಿ ತೋರಿಸು.’

ಬಾಗಿಲು ಹಾಕಿದೆಯೇ ಎಂದು ಅಮ್ಮನೇ ಒಮ್ಮೆ ತಿರುಗಿ ನೋಡಿದಳು. ನಾನು ತೊಡಿಸಿದೆ. ದುಂಡು ಬ್ರಾಕೆಟ್ ತೆರೆಯಿತು, ಕೆಂಪು. ಚೌಕ, ಹಸಿರು. ಪುಷ್ಪ, ಹಳದಿ. ಮೂವತ್ತನಾಲ್ಕು ವರ್ಷದ ಮೇಲೆ ಅಮ್ಮನ ಕೈಯಲ್ಲಿ ಬಳೆ. ಆಮೇಲೆ ಸಾಲು ಮುಂದುವರಿಯಿತಲ್ಲ, ಮುಚ್ಚುವ ಬ್ರಾಕೆಟ್‌ಗಳು ಬಂದವು. ಹಳದಿ ತೆಗೆದೆ, ಹಸಿರು ತೆಗೆದೆ. ಕೊನೆಯ ಕೆಂಪು ಬಳೆಗೆ ಕೈಹಾಕಿದಾಗ ಅಮ್ಮ ಮಣಿಕಟ್ಟನ್ನು ಹಿಂದಕ್ಕೆ ಎಳೆದುಕೊಂಡಳು. ‘ಇರ್ಲಿ ಬಿಡೇ, ಒಂದ್ ನಿಮಿಷ.’

ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಅಮ್ಮ ತಾನೇ ಬಳೆ ತೆಗೆದು ಡಬ್ಬಿಯಲ್ಲಿಟ್ಟಳು. ನಾನು ಮೂರ್ಖಳು, ಏನಾದರೂ ಮಾಡಬೇಕಲ್ಲ ಎಂದು ಪೆನ್ನು ಹಿಡಿದು ‘ಸಾಲು ಮುಗಿದ ಮೇಲೆ ಕೈ ಬರಿದಾಗಿರಬೇಕು’ ಎಂದು ಬರೆಯಲು ಹೋದೆ. ಅಮ್ಮ ನನ್ನ ಕೈ ಹಿಡಿದಳು. ‘ಹಾಗ್ ಬರೀಬೇಡ್ವೇ. ಹೆಣ್ಮಕ್ಕಳು ಓದೋದು. ಕೈ ಬರಿದು ಅಂತ ಯಾಕಂತೀಯ? ಡಬ್ಬಿ ತುಂಬಿತು ಅನ್ನು.’

ಆ ಸಾಲನ್ನು ನಾನು ಹೇಗೂ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಅಮ್ಮನ ಕೈ ಕಾಣುತ್ತಿತ್ತು. ಮಕ್ಕಳಿಗೆ ಬಾಯಲ್ಲಿ ಹೇಳುತ್ತಿದ್ದೆ, ‘ಸಾಲು ಮುಗಿದ್ಮೇಲೆ ಡಬ್ಬಿ ತುಂಬಿದೆಯಾ ನೋಡ್ರೋ’ ಎಂದು. ಮೂರು ವರ್ಷಕ್ಕೆ ಅಮ್ಮ ಹೋದಳು.

ಈಗ ಹೊಸ ಮುದ್ರಣದಲ್ಲಿ ಹೀಗೆ ಸೇರಿಸು: ‘ಸಾಲು ಮುಗಿದ ಮೇಲೆ ತೊಟ್ಟ ಬಳೆಗಳೆಲ್ಲ ಡಬ್ಬಿಗೆ ಮರಳಿ ಡಬ್ಬಿ ತುಂಬಿರಬೇಕು. ಒಂದು ಕಡಿಮೆಯಿದ್ದರೂ ಸಾಲು ತಪ್ಪು.’ ಅಷ್ಟು ಸಾಕು. ಉಳಿದದ್ದು ನಿನ್ನ ಮನಸ್ಸಿನಲ್ಲಿರಲಿ.

ಹಬ್ಬ ಚೆನ್ನಾಗಿ ಮಾಡು. ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಮಿಸ್,
ಚೂಡಾಮಣಿ

*

ಮಲ್ಲೇಶ್ವರಂ
12 ಸೆಪ್ಟೆಂಬರ್ 2024

ಪ್ರೀತಿಯ ಮಿಸ್,

ಓದಿ ಗಳಗಳನೆ ಅತ್ತುಬಿಟ್ಟೆ. ಸುಂದರಮ್ಮಜ್ಜಿಯನ್ನು ನಾನು ಎಷ್ಟು ಸಲ ನೋಡಿದ್ದೇನೆ, ಎಷ್ಟು ಸಲ ಅವರ ಕೈಯಿಂದ ಕಾಫಿ ತೆಗೆದುಕೊಂಡಿದ್ದೇನೆ! ಆ ಸೆರಗು ಹಾಗೇಕೆ ಹೊದೆಯುತ್ತಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ನೀವು ಹೇಳಿದ ಹಾಗೇ ಸಾಲು ಸೇರಿಸಿದ್ದೇನೆ. ನಿಮ್ಮ ಹೆಸರಿನ ಪುಟವನ್ನೂ ಬರೆದು ಕಳಿಸಿದೆ. ‘ಈ ಪಾಠ ನನ್ನ ಗುರುಗಳಾದ ಶ್ರೀಮತಿ’ ಎಂದು ಬರೆದು, ಅಯ್ಯೋ ಶ್ರೀಮತಿ ಅಲ್ಲವಲ್ಲ ಎಂದು ಹೊಡೆದುಹಾಕಿ, ‘ಕುಮಾರಿ’ ಎಂದರೆ ನೀವು ಬೈಯುತ್ತೀರೆಂದು ಅದನ್ನೂ ಹೊಡೆದು, ಕೊನೆಗೆ ಬರೀ ‘ಚೂಡಾಮಣಿ ಮಿಸ್’ ಎಂದು ಬಿಟ್ಟೆ. ಸರಿಯಲ್ಲವೇ?

ನನ್ನ ಮೇಲಿನ ಭಾರ ಇಳಿಯಿತು.

ನಿಮ್ಮ ಪ್ರತಿಭಾ

*

ಬಸವನಗುಡಿ
20 ಜನವರಿ 2025

ಪ್ರತಿಭಾ,

ಸಂಕ್ರಾಂತಿ ಕಳೆಯಿತು, ಎಳ್ಳುಬೆಲ್ಲ ಕೊಡಲು ಬರುತ್ತೀಯೇನೋ ಎಂದು ನೋಡಿದೆ. ಮೊಮ್ಮಕ್ಕಳ ಫೋಟೋ ತೋರಿಸುವವರ ಹಾಗೆ ಅಣ್ಣ ಗಾಂಧಿಬಜಾರಿನ ವಾಕಿಂಗ್ ಗೆಳೆಯರಿಗೆಲ್ಲ ‘ನಮ್ಮ ಮಣಿ ಹೆಸರು ಪುಸ್ತಕದಲ್ಲಿ ಬರ್ತಿದೆ’ ಎಂದು ಹೇಳಿಕೊಂಡು ಬಂದಿದ್ದಾನೆ. ಸುಮ್ಮನಿರೋ ಎಂದರೆ ಕೇಳುವುದಿಲ್ಲ. ದಿನಾ ನನ್ನನ್ನು ಕೇಳುತ್ತಾನೆ, ನಾನು ನಿನ್ನನ್ನು ಕೇಳುತ್ತಿದ್ದೇನೆ. ಪುಸ್ತಕ ಬಂತೇ?

ಚೂಡಾಮಣಿ

*

ಮಲ್ಲೇಶ್ವರಂ
6 ಫೆಬ್ರವರಿ 2025

ಮಿಸ್,

ಕೆಲಸದ ಗಡಿಬಿಡಿಯಲ್ಲಿ ಉತ್ತರ ತಡವಾಯಿತು. ಪುಸ್ತಕ ಬಂದಿದೆ. ನಿಮಗೆ ಕಳಿಸುವ ಮುಂಚೆ ಎರಡು ಮಾತು ಹೇಳಬೇಕು.

ಹೆಸರಿನ ಪುಟವನ್ನು ಶ್ರೀನಿವಾಸಯ್ಯನವರು ಈ ಸಲಕ್ಕೆ ಬೇಡ ಎಂದರು. ಒಬ್ಬರ ಸ್ವತಂತ್ರ ಪುಸ್ತಕ ಎಂದು ಹೇಳಿ ಕಾಲೇಜುಗಳಿಗೆಲ್ಲ ಕಳಿಸಿಯಾಗಿದೆಯಂತೆ, ಈಗ ಪಾಠ ಇನ್ನೊಬ್ಬರದು ಎಂದರೆ ಮೊದಲನೇ ಮುದ್ರಣದಲ್ಲಿ ಏಕಿಲ್ಲ ಎಂಬ ಪ್ರಶ್ನೆ ಬರುತ್ತದಂತೆ. ನಾನು ಎಷ್ಟೋ ಹೇಳಿದೆ. ಮೂರನೇ ಮುದ್ರಣದಲ್ಲಿ ನೋಡೋಣ ಎಂದಿದ್ದಾರೆ.

ಇನ್ನೊಂದು, ಮುನ್ನುಡಿ. ಮೊದಲಿನದು ಸಪ್ಪೆಯಾಗಿದೆ, ಓದುವವರ ಮನಸ್ಸಿಗೆ ತಟ್ಟುವಂಥದ್ದು ಏನಾದರೂ ಬರೆಯಿರಿ ಎಂದು ಅವರೇ ಒತ್ತಾಯ ಮಾಡಿದರು. ಬರೆದೆ. ನೀವು ಓದಿ ತಪ್ಪು ತಿಳಿಯಬೇಡಿ ಮಿಸ್. ಸುಂದರಮ್ಮಜ್ಜಿಯ ಹೆಸರು ಎಲ್ಲೂ ಹಾಕಿಲ್ಲ, ನಿಮ್ಮ ಮನೆಯದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಮರ್ಯಾದೆಗೆ ಕುಂದು ಬರಬಾರದೆಂದೇ ಹಾಗೆ ಮಾಡಿದೆ. ಓದಿದವರೆಲ್ಲ ಕಣ್ಣೀರು ಹಾಕಿದರು ಎನ್ನುತ್ತಿದ್ದಾರೆ. ಒಂದು ರೀತಿಯಲ್ಲಿ ಅದು ಅವರಿಗೇ ಸಂದ ಗೌರವವಲ್ಲವೇ?

ಒಂದು ದಿನ ಬಂದು ಕೂತು ಎಲ್ಲ ಹೇಳುತ್ತೇನೆ.

ಪ್ರತಿಭಾ

*

ಬಸವನಗುಡಿ
16 ಫೆಬ್ರವರಿ 2025

ಪ್ರತಿಭಾ,

ಬರಬೇಡ.

ಪುಸ್ತಕ ನೋಡಿದೆ. ನಿನ್ನ ಕಾಗದ ಬರುವ ಹೊತ್ತಿಗೆ ಅಣ್ಣನೇ ಅವೆನ್ಯೂ ರಸ್ತೆಗೆ ಹೋಗಿ ತಂದಾಗಿತ್ತು. ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ಮೊದಲ ಪುಟ, ಎರಡನೆಯ ಪುಟ, ಪಾಠದ ಕೆಳಗೆ, ಹಿಂದಿನ ರಟ್ಟು, ಎಲ್ಲ ತಿರುವಿ ಹಾಕಿ ‘ಎಲ್ಲೂ ಇಲ್ವಲ್ಲೇ ಮಣಿ’ ಎಂದ. ಅರವತ್ತೇಳು ವರ್ಷದವನು, ಅವನ ಮುಖ ನೋಡಲಾಗಲಿಲ್ಲ. ‘ಹೋಗ್ಲಿ ಬಿಡು’ ಎಂದು ನಾನೇ ಸಮಾಧಾನ ಹೇಳಿದೆ.

ಪುಟ ನಲವತ್ತೆಂಟರಲ್ಲಿ ಕೊನೆಯ ಹೆಜ್ಜೆ ಸೇರಿದೆ. ಪಾಠ ಈಗ ಸರಿಯಾಗಿದೆ. ಮಕ್ಕಳು ಇನ್ನು ತಪ್ಪು ಕಲಿಯುವುದಿಲ್ಲ, ಅದರಲ್ಲಿ ನನಗೆ ತಕರಾರಿಲ್ಲ.

ಮುನ್ನುಡಿ. ‘ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ನನ್ನಜ್ಜಿ ಒಂದು ಮಧ್ಯಾಹ್ನ ಸೆರಗು ಸರಿಸಿ ನನ್ನ ಮುಂದೆ ಕೈ ಚಾಚಿದಳು.’ ನಿನ್ನಜ್ಜಿ! ನಿನ್ನಜ್ಜಿ ಮುತ್ತೈದೆಯಾಗಿ ಹೋದವರು ಕಣೇ. ಅವರ ತಿಥಿ ಊಟಕ್ಕೆ ನಾನು ಬಂದಿದ್ದೆ. ಕೈತುಂಬ ಹಸಿರು ಬಳೆ ತೊಡಿಸಿ ಕಳಿಸಿದೆವು ಎಂದು ನಿಮ್ಮಮ್ಮ ನನ್ನೆದುರೇ ಹೇಳಿದರು. ಬಾಗಿಲು ಹಾಕಿದೆಯೇ ಎಂದು ಅಮ್ಮ ತಿರುಗಿ ನೋಡಿದ್ದನ್ನೂ ನೀನು ಬಿಟ್ಟಿಲ್ಲ. ‘ಇರ್ಲಿ ಬಿಡೇ, ಒಂದ್ ನಿಮಿಷ.’ ಅದನ್ನೂ ಬಿಟ್ಟಿಲ್ಲ. ಈ ಪ್ರಪಂಚದಲ್ಲಿ ಆ ಮಾತನ್ನು ಕೇಳಿದ್ದವಳು ನಾನೊಬ್ಬಳೇ. ಈಗ ಅವೆನ್ಯೂ ರಸ್ತೆಯಲ್ಲಿ ಯಾರು ಬೇಕಾದರೂ ಓದಬಹುದು.

ಪಾಠ ತೆಗೆದುಕೊಂಡೆ, ಹೋಗಲಿ, ಪಾಠ ಇರುವುದೇ ಹಂಚುವುದಕ್ಕೆ ಎಂದು ಹೇಗೋ ಸಮಾಧಾನ ಮಾಡಿಕೊಂಡಿದ್ದೆ. ನಮ್ಮಮ್ಮನನ್ನು ನಿನ್ನ ಅಜ್ಜಿ ಮಾಡಿಕೊಳ್ಳಲು ನಿನಗೆ ಮನಸ್ಸಾದರೂ ಹೇಗೆ ಬಂತು? ಮರ್ಯಾದೆಗೆ ಕುಂದು ಬರಬಾರದೆಂದು ಹೆಸರು ಬಿಟ್ಟೆಯಂತೆ. ಇಂಥ ಬೆಣ್ಣೆ ಮಾತಿಗೆ ನಾನು ಎರಡು ಸಲ ಬಿದ್ದೆನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಗುತ್ತದೆ. ಮೂರನೇ ಮುದ್ರಣಕ್ಕೂ ನನ್ನ ಹೆಸರು ಬೇಡ. ಆ ಮುನ್ನುಡಿಯಿರುವ ಪುಸ್ತಕದಲ್ಲಿ ನನ್ನ ಹೆಸರು ಬರಕೂಡದು.

ಅಣ್ಣ ಊಟವಾದ ಮೇಲೆ ಆರಾಮಕುರ್ಚಿಯಲ್ಲಿ ಕೂತು, ‘ಏನು ಸಾಧಿಸಿದಾಳೋ ನೋಡೋಣ’ ಎಂದು ಬೈಯುತ್ತಲೇ ಮುನ್ನುಡಿಯನ್ನು ಜೋರಾಗಿ ಓದಲು ಶುರುಮಾಡಿದ. ನಾನು ಬತ್ತಿ ಹೊಸೆಯುತ್ತಿದ್ದೆ. ಎರಡನೆಯ ಪುಟಕ್ಕೆ ಬಂದಾಗ ಓದುವುದು ನಿಲ್ಲಿಸಿದ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡ. ‘ಹೆಸರು ಹಾಕದೇ ಇದ್ದದ್ದು ತಪ್ಪೇ ಕಣೇ. ಆದ್ರೆ ಈ ಹುಡುಗಿ ಅವರಜ್ಜಿ ಬಗ್ಗೆ ಬರ್ದಿರೋದು ಕೇಳಿದ್ಯಾ? ನಮ್ಮಮ್ಮನೂ ಹಾಗೇ ಸೆರಗು ಹೊದ್ಕೋತಿದ್ಲು. ಅವಳಿಗೂ ಯಾರಾದ್ರೂ ಒಂದಿನ ಹೀಗೆ ಬಳೆ ತೊಡಿಸ್ಬೋದಿತ್ತು. ಅವರ ಮನೇಲಿ ಹೊಳೀತು, ನಮಗೆ ಹೊಳೀಲಿಲ್ಲ. ನಾನಂತೂ ಗಂಡಸು, ಊರಲ್ಲೇ ಇರ್ಲಿಲ್ಲ. ನೀನು ಜೊತೇಲೇ ಇದ್ಯಲ್ಲೇ ಮಣಿ, ನಿಂಗೂ ಹೊಳೀಲಿಲ್ವಾ?’

ತೊಡಿಸಿದ್ದೆ ಅಣ್ಣಾ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹತ್ತೊಂಬತ್ತು ವರ್ಷ ಹೇಳದವಳು, ನಿನ್ನ ಪುಸ್ತಕ ಓದಿದ್ದನ್ನು ಕೇಳಿದ ಮೇಲೆ ಹೇಳಿದ ಹಾಗಾಗುತ್ತಿತ್ತು. ಅವನು ನನ್ನನ್ನು ನಂಬದೆ ಇರುತ್ತಿರಲಿಲ್ಲ. ಆದರೆ ನಂಬುವ ಮುಂಚೆ ಒಂದು ಗಳಿಗೆ, ಹೆಸರು ಬರಲಿಲ್ಲವೆಂಬ ಸಂಕಟಕ್ಕೆ ಅಮ್ಮನ ಮೇಲೂ ಕಥೆ ಕಟ್ಟುತ್ತಿದ್ದಾಳೆಯೇ ಎಂದು ನನ್ನ ಮುಖ ನೋಡುತ್ತಿದ್ದ. ಆ ಒಂದು ಗಳಿಗೆಯನ್ನು ನಾನು ತಡೆದುಕೊಳ್ಳಲಾರೆ. ಅದನ್ನು ಬರೆದ ನನ್ನ ಕಾಗದ ನಿನ್ನ ಹತ್ತಿರವಿದೆ, ನಿನ್ನ ಕಾಗದವನ್ನು ಸಾಕ್ಷಿಗೆ ಹಿಡಿದು ಅಣ್ಣನನ್ನು ನಂಬಿಸುವುದು ನನಗೆ ಬೇಡ.

ಅವನು ಇನ್ನೂ ನನ್ನನ್ನೇ ನೋಡುತ್ತಿದ್ದ.

‘ಇಲ್ಲ ಅಣ್ಣಾ, ನಂಗೂ ಹೊಳೀಲಿಲ್ಲ’ ಎಂದೆ.

ಚೂಡಾಮಣಿ